ಡಿ. ಎಸ್. ಅಮಲೋರ್‌ಪವದಾಸ್: ಕೇಳಿಸಿಕೊಳ್ಳುವುದರಿಂದ ಶುರುವಾಗುವ ದೈವಶಾಸ್ತ್ರ

(ಸೇಡಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



1969ರ ಏಪ್ರಿಲ್ 25ರ ದಿನಾಂಕ ಹೊತ್ತು ರೋಮಿನಿಂದ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಒಂದು ಅನುಮತಿ ಬಂತು. ಅದರಲ್ಲಿ ಹನ್ನೆರಡು ಅಂಶಗಳಿದ್ದವು. ಬಲಿಪೂಜೆಯ, ಎಂದರೆ ಕ್ಯಾಥೊಲಿಕರ ಮುಖ್ಯ ಆರಾಧನೆಯ, ಹೊತ್ತಿಗೆ ಜನ ನೆಲದ ಮೇಲೆ ಕೂರಬಹುದು, ಚಪ್ಪಲಿ ಹೊರಗೆ ಬಿಡಬಹುದು. ಮಂಡಿಯೂರುವ ಬದಲು ಕೈಮುಗಿದು ಅಂಜಲಿ ಮಾಡಬಹುದು, ಪಂಚಾಂಗ ಪ್ರಣಾಮ ಸಲ್ಲಿಸಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ ಇಡಬಹುದು. ಯಾಜಕರ ಉಡುಪು ಸರಳವಾದ ಒಂದು ನಿಲುವಂಗಿ ಮತ್ತು ಅಂಗವಸ್ತ್ರದ ಮಾದರಿಯಲ್ಲಿರಬಹುದು. ಪೂಜೆಯ ಪಾತ್ರೆಯನ್ನು ತಟ್ಟೆಯಲ್ಲಿಡಬಹುದು, ಹೂವು, ಧೂಪ, ದೀಪಗಳಿಂದ ಆರತಿ ಎತ್ತಬಹುದು. ಹೆಚ್ಚು ಕಡಿಮೆ ಇಷ್ಟೆ.

ಈ ಕಲಬುರಗಿ ಸೀಮೆಯಲ್ಲಿ ಕುಳಿತು ಈ ಪಟ್ಟಿ ಓದುವವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಚಪ್ಪಲಿ ಕಳಚಿ ಒಳಗೆ ಹೋಗುವುದಕ್ಕೂ ಯಾರದೋ ಅಪ್ಪಣೆ ಬೇಕೆ? ಆದರೆ ಆ ಅಪ್ಪಣೆಯ ಹಿಂದೆ ನೂರಾರು ವರ್ಷಗಳ ವಾದವಿತ್ತು, ಮುಂದೆ ಇನ್ನೂ ಮುಗಿಯದ ಜಗಳವಿತ್ತು. ಎರಡರ ನಡುವೆ ನಿಂತವರು ಡಿ. ಎಸ್. ಅಮಲೋರ್‌ಪವದಾಸ್ ಎಂಬ ಯಾಜಕ, ದೈವಶಾಸ್ತ್ರಿ. ಹುಟ್ಟಿದ್ದು ತಮಿಳು ನೆಲದಲ್ಲಿ, ಬಾಳಿನ ಮುಖ್ಯ ಕೆಲಸವನ್ನೆಲ್ಲ ಮಾಡಿದ್ದು ಕರ್ನಾಟಕದಲ್ಲಿ: ಮೊದಲು ಬೆಂಗಳೂರು, ಆಮೇಲೆ ಮೈಸೂರು. ಹಾಗಿದ್ದೂ ಕನ್ನಡದಲ್ಲಿ ಅವರ ಬಗ್ಗೆ ನಡೆದ ಚರ್ಚೆ ಕಡಿಮೆ. ನಮ್ಮ ಕಡೆಯಂತೂ ಅವರ ಹೆಸರು ಚರ್ಚಿನ ವಲಯದ ಹೊರಗೆ ಕೇಳಿಬಂದದ್ದು ಇಲ್ಲವೇ ಇಲ್ಲ ಎನ್ನಬಹುದು. ಈ ಉಪನ್ಯಾಸದ ವಿಷಯ ತಿಳಿದಾಗ ಹಿರಿಯರೊಬ್ಬರು, "ಸೇಡಂದಾಗ ಪಾದ್ರಿಗೋಳ ಮಾತು ಯಾಕ್ರಿ ಸರ, ಶರಣರ ಮ್ಯಾಲ ಹೇಳ್ರಲ್ಲ" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವುದೇ ನನ್ನ ಇವತ್ತಿನ ಕೆಲಸ. ಶರಣರ ನೆಲದವರಿಗೆ ಈ ಪಾದ್ರಿಯ ಪ್ರಶ್ನೆ ಬೇರೆಯವರಿಗಿಂತ ಹತ್ತಿರದ್ದು ಎಂದು ನಾನು ನಂಬಿದ್ದೇನೆ.

ಅಮಲೋರ್‌ಪವದಾಸ್ ಹುಟ್ಟಿದ್ದು 1932ರಲ್ಲಿ, ಆಗಿನ ದಕ್ಷಿಣ ಆರ್ಕಾಟ್ ಜಿಲ್ಲೆಯ ಕಲ್ಲೇರಿ ಎಂಬ ಹಳ್ಳಿಯಲ್ಲಿ. ಅಣ್ಣ ಸೈಮನ್ ಲೂರ್ದುಸ್ವಾಮಿ ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದರು, ರೋಮಿಗೆ ಹೋಗಿ 1985ರಲ್ಲಿ ಕಾರ್ಡಿನಲ್ ಪದವಿಗೇರಿದರು. ತಮ್ಮ 1959ರಲ್ಲಿ ಯಾಜಕ ದೀಕ್ಷೆ ಪಡೆದು, ಹೆಚ್ಚಿನ ಓದಿಗೆ ಪ್ಯಾರಿಸ್ಸಿಗೆ ಹೋದರು. ಆ ಕಾಲವನ್ನು ಮರೆಯಬಾರದು. 1962ರಿಂದ 1965ರವರೆಗೆ ರೋಮಿನಲ್ಲಿ ಜಗತ್ತಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. ಲ್ಯಾಟಿನ್ನಿನಲ್ಲೇ ನಡೆಯಬೇಕಾಗಿದ್ದ ಪೂಜೆ ಜನರ ಮಾತಿಗೆ ಇಳಿದದ್ದು, ಬೇರೆ ಧರ್ಮಗಳಲ್ಲಿ ಇರುವ ಸತ್ಯವನ್ನೂ ಪಾವಿತ್ರ್ಯವನ್ನೂ ಚರ್ಚು ತಳ್ಳಿಹಾಕುವುದಿಲ್ಲ ಎಂದು 1965ರ ಅಕ್ಟೋಬರ್ 28ರಂದು ಲಿಖಿತವಾಗಿ ಘೋಷಿಸಿದ್ದು ಆ ಸಭೆಯಲ್ಲೇ. ಯೂರೋಪಿನ ದೈವಶಾಸ್ತ್ರ ಒಳಗಿನಿಂದಲೇ ತನ್ನ ಗೋಡೆ ಕೆಡವುತ್ತಿದ್ದ ಆ ವರ್ಷಗಳಲ್ಲಿ ಈ ತರುಣ ಪ್ಯಾರಿಸ್ಸಿನಲ್ಲಿ ಕುಳಿತು ಭಾರತದ ಚರ್ಚಿನ ಗತಿ ಏನು ಎಂಬ ವಿಷಯದ ಮೇಲೆ ಫ್ರೆಂಚಿನಲ್ಲಿ ಪ್ರಬಂಧ ಬರೆಯುತ್ತಿದ್ದರು. 1967ರಲ್ಲಿ ಅದು ಪುಸ್ತಕವಾಗಿ ಬಂತು.

ಅದೇ ಹೊತ್ತಿಗೆ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ಮಹಾಸಭೆಯ ಆಶಯಗಳನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಲು ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವೊಂದನ್ನು ತೆರೆಯಿತು. ಎನ್‌ಬಿಸಿಎಲ್‌ಸಿ ಎಂಬ ಅಕ್ಷರಗಳಿಂದಲೇ ಅದು ಪ್ರಸಿದ್ಧ. ಅದರ ಸ್ಥಾಪಕ ನಿರ್ದೇಶಕರಾದಾಗ ಅಮಲೋರ್‌ಪವದಾಸರಿಗೆ ಮೂವತ್ತೈದರ ಆಸುಪಾಸು. ಒಂದೂವರೆ ದಶಕ ಕಾಲ ಆ ಕೇಂದ್ರವೇ ಅವರ ಮನೆ, ಕಾರ್ಯಾಗಾರ, ಕೆಲವೊಮ್ಮೆ ರಣರಂಗ. ಎಲ್ಲ ಭಾಷೆಗಳ ಸಿಸ್ಟರುಗಳು, ಫಾದರುಗಳು, ಹಳ್ಳಿಯ ಉಪದೇಶಿಗಳು ಅಲ್ಲಿಗೆ ಬಂದು ವಾರಗಟ್ಟಲೆ, ತಿಂಗಳುಗಟ್ಟಲೆ ತರಬೇತಿ ಪಡೆದರು. ಅಮಲೋರ್‌ಪವದಾಸರೇ ಸಂಪಾದಿಸುತ್ತಿದ್ದ 'ವರ್ಡ್ ಅಂಡ್ ವರ್ಶಿಪ್' ಪತ್ರಿಕೆ ಆ ಚರ್ಚೆಗಳನ್ನು ಊರೂರಿಗೆ ಒಯ್ಯಿತು. ಕೇಂದ್ರದ ಪೂಜಾಮಂದಿರ ದೇವಸ್ಥಾನದ ವಿನ್ಯಾಸವನ್ನು ನೆನಪಿಸುವಂತೆ ಎದ್ದಿತು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಅದರ ಕಲಾಕೆಲಸದಲ್ಲಿ ಕೈಜೋಡಿಸಿದರು. 1969ರ ಮೇ ತಿಂಗಳಲ್ಲಿ ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ಭಾರತದ ಚರ್ಚಿನ ಇಂದಿನ ಸ್ಥಿತಿಯನ್ನು ಕುರಿತು ನಡೆದ ಅಖಿಲ ಭಾರತ ವಿಚಾರ ಸಂಕಿರಣದಲ್ಲಿ ಧರ್ಮಾಧ್ಯಕ್ಷರ ಜೊತೆ ಸಾಮಾನ್ಯ ಕ್ರೈಸ್ತರೂ ಕುಳಿತು ಮಾತಾಡಿದರು.

ಹಾಗೆಂದು ಇದೆಲ್ಲ ಅವರಿಂದಲೇ ಶುರುವಾಯಿತು ಎಂದರೆ ಹಿಂದಿನವರಿಗೆ ಅನ್ಯಾಯ. 1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯ ಬಟ್ಟೆ ತೊಟ್ಟು, ಸಂಸ್ಕೃತ, ತಮಿಳು ಕಲಿತು ಬದುಕಿದ. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇನ್ನೊಬ್ಬ ಜೆಸುಯಿಟ್ ಅದೇ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ. ಬಂಗಾಳದಲ್ಲಿ ಬ್ರಹ್ಮಬಾಂಧವ ಉಪಾಧ್ಯಾಯ (1861-1907) ತಾನು ಹಿಂದೂವೂ ಹೌದು, ಕ್ಯಾಥೊಲಿಕನೂ ಹೌದು ಎಂದು ಸಾರಿ ಎರಡೂ ಕಡೆಯವರ ಸಿಟ್ಟಿಗೆ ಗುರಿಯಾದ. 1950ರಲ್ಲಿ ಕಾವೇರಿ ದಡದಲ್ಲಿ ಇಬ್ಬರು ಫ್ರೆಂಚ್ ಯಾಜಕರು ಶಾಂತಿವನ ಎಂಬ ಆಶ್ರಮ ಕಟ್ಟಿದರು. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಸಲು ನೋಡಿದ್ದು ನಮ್ಮ ಕೆಂಗೇರಿಯಲ್ಲಿ. ಇವರೆಲ್ಲ ದೊಡ್ಡವರು. ಆದರೆ ಇವರಲ್ಲಿ ಹೆಚ್ಚಿನವರು ಒಂಟಿ ಸಾಧಕರು. ತಮ್ಮ ಆಶ್ರಮದೊಳಗೆ, ತಮ್ಮ ಬರಹದೊಳಗೆ ಪ್ರಯೋಗ ನಡೆಸಿದವರು. ಅಮಲೋರ್‌ಪವದಾಸ್ ಆ ಪ್ರಶ್ನೆಯನ್ನು ಎತ್ತಿ ತಂದು ಭಾನುವಾರ ಚರ್ಚಿಗೆ ಬರುವ ಸಾಮಾನ್ಯ ಕುಟುಂಬದ ಮುಂದೆ ಇಟ್ಟರು. ಅದಕ್ಕೇ ಅವರಿಗೆ ಅಷ್ಟು ಪ್ರೀತಿ ಸಿಕ್ಕಿತು, ಅಷ್ಟು ವಿರೋಧವೂ ಬಂತು.

ನನ್ನ ಮಟ್ಟಿಗೆ ಅವರ ವಿಚಾರದ ತಿರುಳು ಆರತಿಯಲ್ಲಿ, ದೀಪದಲ್ಲಿ ಇಲ್ಲ. ಅದು 1974ರ ರೋಮಿನ ಒಂದು ಘಟನೆಯಲ್ಲಿದೆ. ಅದನ್ನು ತುಸು ಬಿಡಿಸಿ ಹೇಳಬೇಕು.

ಆ ವರ್ಷ ಜಗತ್ತಿನ ಧರ್ಮಾಧ್ಯಕ್ಷರ ಪ್ರತಿನಿಧಿಗಳು ಸುವಾರ್ತಾ ಪ್ರಸಾರ ಎಂಬ ವಿಷಯವನ್ನು ಚರ್ಚಿಸಲು ರೋಮಿನಲ್ಲಿ ಸೇರಿದರು. ಕ್ರಿಸ್ತನ ಮಾತನ್ನು ಇಂದಿನ ಜಗತ್ತಿಗೆ ಹೇಳುವುದು ಹೇಗೆ ಎಂಬುದು ಪ್ರಶ್ನೆ. ಸಭೆಗೆ ಇಬ್ಬರು ವಿಶೇಷ ಕಾರ್ಯದರ್ಶಿಗಳು: ಒಬ್ಬರು ರೋಮಿನ ದೈವಶಾಸ್ತ್ರ ಪ್ರಾಧ್ಯಾಪಕ ಡೊಮೆನಿಕೊ ಗ್ರಾಸ್ಸೊ, ಇನ್ನೊಬ್ಬರು ಬೆಂಗಳೂರಿನಿಂದ ಹೋದ ಅಮಲೋರ್‌ಪವದಾಸ್. ಅನುಭವ ಹಂಚಿಕೆಯ ಭಾಗವನ್ನು ಮಂಡಿಸಿದವರು ಕರಾಚಿಯ ಕಾರ್ಡಿನಲ್ ಕೊರ್ಡೆರೊ, ದೈವಶಾಸ್ತ್ರದ ಭಾಗವನ್ನು ಮಂಡಿಸಿದವರು ಪೋಲೆಂಡಿನ ಕಾರ್ಡಿನಲ್ ವೊಯ್ತಿವಾ. ನಾಲ್ಕು ವರ್ಷದ ನಂತರ ಪೋಪ್ ಎರಡನೆಯ ಜಾನ್ ಪಾಲ್ ಆದವರು ಇದೇ ವೊಯ್ತಿವಾ.

ಸಭೆಯಲ್ಲಿ ಆಫ್ರಿಕಾದವರು ಮಾತಾಡಿದರು, ಲ್ಯಾಟಿನ್ ಅಮೆರಿಕದವರು ಮಾತಾಡಿದರು, ಏಷ್ಯಾದವರು ಮಾತಾಡಿದರು. ಒಬ್ಬೊಬ್ಬರದು ಒಂದೊಂದು ಸಂಕಟ. ಈಗ ಇದನ್ನೆಲ್ಲ ಒಂದು ದಾಖಲೆಯಾಗಿ ಬರೆಯಬೇಕು. ಎಲ್ಲಿಂದ ಶುರುಮಾಡುವುದು? ಇಬ್ಬರು ಕಾರ್ಯದರ್ಶಿಗಳ ನಡುವೆ ಬಿರುಕು ಬಿಟ್ಟದ್ದು ಇಲ್ಲಿ. ಒಂದು ದಾರಿ ಹೀಗೆ: ಮೊದಲು ಸಿದ್ಧಾಂತವನ್ನು ಸ್ಪಷ್ಟವಾಗಿ ಹೇಳು, ಆಮೇಲೆ ಅದನ್ನು ಬೇರೆ ಬೇರೆ ದೇಶಗಳಿಗೆ ಅನ್ವಯಿಸು. ಅಮಲೋರ್‌ಪವದಾಸರ ದಾರಿ ಇದಕ್ಕೆ ಎದುರು: ಸ್ಥಳೀಯ ಕ್ರೈಸ್ತ ಸಭೆಗಳ ಅನುಭವವನ್ನು ಮೊದಲು ಕೇಳಿಸಿಕೊ, ಅಲ್ಲಿ ದೇವರ ಆತ್ಮ ಏನು ಮಾಡುತ್ತಿದೆ ಎಂದು ಗುರುತಿಸು, ಸಿದ್ಧಾಂತ ಅಲ್ಲಿಂದ ಹುಟ್ಟಲಿ. ಅವರ ಲೆಕ್ಕದಲ್ಲಿ ಆಯಾ ಊರಿನ ಬದುಕು ಪಾಠದ ಕೊನೆಗೆ ಹಚ್ಚುವ ಉದಾಹರಣೆಯಾಗಿರದೆ ಪಾಠದ ಮೊದಲ ಪುಟವಾಗಿತ್ತು. ಎರಡು ದಾರಿಗಳನ್ನು ಒಂದೇ ದಾಖಲೆಯಲ್ಲಿ ಹೊಲಿಯಲು ನೋಡಿದರು, ಆಗಲಿಲ್ಲ. ಸಭೆಯ ಮುಂದೆ ಬಂದ ಕರಡನ್ನು ಧರ್ಮಾಧ್ಯಕ್ಷರು ಒಪ್ಪಲಿಲ್ಲ. ಚಿಕ್ಕದೊಂದು ಹೇಳಿಕೆ ಹೊರಡಿಸಿ, ಉಳಿದದ್ದನ್ನು ಪೋಪ್ ಆರನೆಯ ಪಾಲ್ ಅವರಿಗೆ ಒಪ್ಪಿಸಿ ಎದ್ದರು. 1975ರ ಡಿಸೆಂಬರ್ 8ರಂದು ಪೋಪ್ ತಮ್ಮದೇ ಪತ್ರ ಹೊರಡಿಸಿದರು. ವಿಮೋಚನೆ, ಸಂಸ್ಕೃತಿ, ಸ್ಥಳೀಯ ಸಭೆ ಎಂಬ ಮಾತುಗಳಿಗೆ ಅದರಲ್ಲಿ ದೊಡ್ಡ ಸ್ಥಾನ ಸಿಕ್ಕಿತು.

ಸೋಲು ಎಂದರೆ ಸೋಲು. ಆದರೂ ಕಲ್ಲೇರಿಯಲ್ಲಿ ಹುಟ್ಟಿದ ನಲವತ್ತೆರಡರ ಒಬ್ಬ ಯಾಜಕ ರೋಮಿನ ಸಭೆಯಲ್ಲಿ ನಿಂತು, ನಮ್ಮ ಜನರ ಅನುಭವದಿಂದ ಶುರುಮಾಡಿ ಎಂದು ಕೊನೆಯವರೆಗೆ ಹಟ ಬಿಡದೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ತೈಪೆಯಲ್ಲಿ ಸೇರಿದ್ದ ಏಷ್ಯಾದ ಧರ್ಮಾಧ್ಯಕ್ಷರು ಮೂರು ಸಂವಾದಗಳನ್ನು ತಮ್ಮ ಮುಂದಿನ ದಾರಿಯಾಗಿ ಗುರುತಿಸಿದ್ದರು: ಸಂಸ್ಕೃತಿಗಳ ಜೊತೆ, ಧರ್ಮಗಳ ಜೊತೆ, ಬಡವರ ಜೊತೆ. ಈ ಮೂರನೆಯದಕ್ಕೆ ಆಮೇಲೆ ಬರುತ್ತೇನೆ. ನಮ್ಮ ಸೀಮೆಯ ಮಟ್ಟಿಗೆ ಅದೇ ಮುಖ್ಯ.

ರೋಮಿನಿಂದ ಹಿಂದಿರುಗಿದ ಅವರು 1974ರ ಡಿಸೆಂಬರ್‌ನಲ್ಲೇ ಬೆಂಗಳೂರಿನ ಕೇಂದ್ರದಲ್ಲಿ ಇನ್ನೊಂದು ಕಠಿಣ ಪ್ರಶ್ನೆಯನ್ನು ಎತ್ತಿಕೊಂಡರು. ಬೈಬಲ್ ಅಲ್ಲದ ಧರ್ಮಗ್ರಂಥಗಳನ್ನು ದೇವರ ಮಾತು ಎಂದು ಕರೆಯಬಹುದೆ? ಕರೆಯಬಹುದಾದರೆ ಯಾವ ಅರ್ಥದಲ್ಲಿ? ಚರ್ಚಿನ ಪೂಜೆಯಲ್ಲಿ ಅವನ್ನು ಓದಬಹುದೆ? ವಿದ್ವಾಂಸರು ದಿನಗಟ್ಟಲೆ ಕುಳಿತು ಚರ್ಚಿಸಿದರು; ಮರುವರ್ಷ ಅದರ ದಪ್ಪನೆಯ ಸಂಪುಟ ಹೊರಬಂತು. ಈ ಹುಡುಕಾಟ ಬರಿಯ ಗ್ರಂಥದಲ್ಲಿ ಉಳಿದಿರಲಿಲ್ಲ. ಭಾರತೀಯ ಬಲಿಪೂಜೆಯ ಒಂದು ಕ್ರಮವನ್ನೇ ಕೇಂದ್ರ ರೂಪಿಸಿ ಪ್ರಯೋಗ ಮಾಡುತ್ತಿತ್ತು, ಈ ನೆಲದ ಶಾಸ್ತ್ರಗ್ರಂಥಗಳ ವಾಚನಕ್ಕೂ ಅಲ್ಲಿ ಜಾಗ ನೋಡುತ್ತಿತ್ತು. 1975ರಲ್ಲಿ ರೋಮ್ ಅದಕ್ಕೆ ತಡೆ ಹಾಕಿತು. ಪೂಜೆಯಲ್ಲಿ ಬೈಬಲ್ಲಿನ ಹೊರಗಿನ ವಾಚನ ಬೇಡ, ಹೊಸ ಭಾರತೀಯ ಪ್ರಾರ್ಥನೆ ಬೇಡ ಎಂದಿತು. ಹನ್ನೆರಡು ಅಂಶಗಳ ಬಾಗಿಲು ತೆರೆದೇ ಇತ್ತು, ಅದರಾಚೆಗಿನ ಬಾಗಿಲು ಮುಚ್ಚಿತು.

ಇಲ್ಲಿ ನಮ್ಮ ನೆಲದ ಮಾತು ಬರಬೇಕು. ಚಿತ್ತಾಪುರ ತಾಲೂಕಿನ ಸನ್ನತಿ ನಿಮಗೆಲ್ಲ ಗೊತ್ತು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಮೂರ್ತಿ ಕೂರಿಸಲು ಕಲ್ಲಿನ ನಡುವೆ ಕೊರೆದಿದ್ದರು, ಅಷ್ಟು ಅಕ್ಷರ ಹೋಗಿವೆ. ಉಳಿದದ್ದರಲ್ಲಿ ಹನ್ನೆರಡನೆಯ ಶಾಸನದ ಭಾಗವಿದೆ. ಅಶೋಕ ಅದರಲ್ಲಿ ಹೇಳುವುದೇನು? ಎಲ್ಲ ಪಂಥಗಳಲ್ಲೂ ಸಾರ ಬೆಳೆಯಬೇಕು. ಅದರ ಬೇರು ಮಾತಿನ ಹಿಡಿತದಲ್ಲಿದೆ. ತನ್ನ ಪಂಥವನ್ನು ಹೊಗಳುತ್ತ ಇನ್ನೊಬ್ಬರದನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು. ಗಮನಿಸಿ, ಬರಿ ಸಹಿಸು ಎನ್ನುತ್ತಿಲ್ಲ, ಕೇಳು ಎನ್ನುತ್ತಿದ್ದಾನೆ. ಅಲ್ಲಿಂದ ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಕವಿರಾಜಮಾರ್ಗವೂ ಪರರ ವಿಚಾರವನ್ನು, ಪರರ ಧರ್ಮವನ್ನು ಸೈರಿಸುವ ಗುಣವನ್ನೇ ನಿಜವಾದ ಸಂಪತ್ತು ಎಂದಿತು. ಆ ಮಳಖೇಡದಲ್ಲೇ ಜೈನ ಬಸದಿ ಇದೆ, ಕಾಗಿಣಾ ನದಿಯ ದಂಡೆಗೆ ಮಾಧ್ವ ಗುರು ಜಯತೀರ್ಥರ ವೃಂದಾವನ ಇದೆ. ವಾಡಿಯ ಮಗ್ಗುಲಲ್ಲಿ ಹಲಕಟ್ಟಾ ದರ್ಗಾ ಇದೆ.

ಈ ಹೆಸರುಗಳನ್ನು ನಾವು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಅಮಲೋರ್‌ಪವದಾಸರ ಪ್ರಶ್ನೆ ಹೆಮ್ಮೆ ಮುಗಿದ ಮೇಲೆ ಶುರುವಾಗುತ್ತದೆ. ಸೈರಣೆ ಒಂದು ಘಟ್ಟ. ನಿನ್ನ ನಂಬಿಕೆ ನಿನಗೆ, ನನ್ನದು ನನಗೆ, ಜಗಳ ಬೇಡ, ಅಷ್ಟೆ. ಇನ್ನೊಬ್ಬರ ಗ್ರಂಥದಲ್ಲಿ ನನ್ನ ದೇವರೇ ನನ್ನ ಜೊತೆ ಮಾತಾಡುತ್ತಿರಬಹುದು ಎಂದು ಒಪ್ಪುವುದು ಬೇರೆಯದೇ ಘಟ್ಟ. ಅಲ್ಲಿ ಕೇಳುವವನು ಬದಲಾಗುತ್ತಾನೆ. ತನ್ನ ಕ್ರೈಸ್ತ ನಂಬಿಕೆಯನ್ನು ಒಂದು ಎಳೆಯಷ್ಟೂ ಬಿಟ್ಟುಕೊಡದೆ ಆ ಘಟ್ಟಕ್ಕೆ ಏರಲು ನೋಡಿದ್ದು ಅವರ ಧೈರ್ಯ. ಕ್ರಿಸ್ತನಲ್ಲಿ ಅವರ ನಂಬಿಕೆ ಗಟ್ಟಿಯಾಗಿತ್ತು. ಆ ಗಟ್ಟಿತನದಿಂದಲೇ ಅವರಿಗೆ ಉಪನಿಷತ್ತಿನ ಮುಂದೆ ಭಯವಿಲ್ಲದೆ ಕೂರಲು ಆಯಿತು.

ವಿರೋಧ ಎರಡು ದಿಕ್ಕಿನಿಂದ ಬಂತು. ಮೊದಲನೆಯದು ಚರ್ಚಿನೊಳಗಿನ ಸಂಪ್ರದಾಯನಿಷ್ಠರದು. ಇದು ಚರ್ಚನ್ನು ಹಿಂದೂಕರಣ ಮಾಡುವ ಹುನ್ನಾರ ಎಂದು ಅವರು ಕೂಗೆಬ್ಬಿಸಿದರು; ವಿಕ್ಟರ್ ಕುಲಾಂದೈ ಎಂಬವರು ಆ ಆರೋಪದ ಮೇಲೆ ಪುಸ್ತಕವನ್ನೇ ಬರೆದರು. ಬೆಂಗಳೂರು ಕೇಂದ್ರದ ಪೂಜಾಮಂದಿರದ ರೂಪ, ಅದರ ಶಿಖರ, ಕಿಟಕಿಯ ಜಾಲರಿಗಳ ಚಿತ್ರಗಳು ದೊಡ್ಡ ಗಲಾಟೆಗೆ ಕಾರಣವಾದವು. ಆ ಜನರ ನೋವನ್ನು ನಾನು ಹಗುರವಾಗಿ ಕಾಣಲಾರೆ. ಅಜ್ಜ ಅಜ್ಜಿ ಮಂಡಿಯೂರಿದ ಜಾಗದಲ್ಲೇ ತಾನೂ ಮಂಡಿಯೂರಬೇಕು ಎನ್ನುವವರಿಗೆ ಅದು ಪರದೇಶಿ ಆಚಾರವಲ್ಲ, ಮನೆಯ ಆಚಾರ. ಮೇಲಿನಿಂದ ಇಳಿದು ಬಂದ ಸುಧಾರಣೆ ಎಷ್ಟೇ ಒಳ್ಳೆಯದಿದ್ದರೂ, ಅನುಭವದಿಂದ ಶುರುಮಾಡಬೇಕು ಎಂಬ ಅಮಲೋರ್‌ಪವದಾಸರ ಸ್ವಂತ ಮಾತಿಗೇ ಅದು ತುಸು ಎದುರಾಗುತ್ತದೆ. ಜನರ ಭಾಷೆಯಲ್ಲಿ ಪೂಜೆ ಎಂದಾಗಲೂ ಬೆಂಗಳೂರಿನಲ್ಲಿ ಯಾವ ಜನರ ಯಾವ ಭಾಷೆ ಎಂಬ ಪ್ರಶ್ನೆ ಎದ್ದು, ಕನ್ನಡ ಕ್ರೈಸ್ತರು ತಮ್ಮ ನುಡಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು.

ಎರಡನೆಯ ವಿರೋಧ ಇನ್ನೂ ಆಳದ್ದು. ಅದು ದಲಿತ ಕ್ರೈಸ್ತರದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ಉಪನ್ಯಾಸ ಕೊಟ್ಟರು. ದಲಿತ ದೈವಶಾಸ್ತ್ರ ಎಂದು ಇವತ್ತು ಕರೆಯುವ ಧಾರೆಯ ಮೊದಲ ಮಾತುಗಳಲ್ಲಿ ಅದೂ ಒಂದು. ಪ್ರೊಟೆಸ್ಟೆಂಟರಾದ ನಿರ್ಮಲ್ ಮತ್ತು ಅವರ ನಂತರದವರು ಕೇಳಿದ ಪ್ರಶ್ನೆಯ ಸಾರ ಇದು: ಭಾರತೀಯ ಸಂಸ್ಕೃತಿ ಎಂದು ನೀವು ಚರ್ಚಿನೊಳಕ್ಕೆ ತಂದಿರಲ್ಲ, ಅದು ಯಾರ ಸಂಸ್ಕೃತಿ? ಸಂಸ್ಕೃತದ ಮಂತ್ರ, ಉಪನಿಷತ್ತು, ಸಂನ್ಯಾಸಿಯ ಕಾವಿ, ಗರ್ಭಗುಡಿಯ ಆರತಿ. ಭಾರತದ ಕ್ರೈಸ್ತರಲ್ಲಿ ಬಹಳ ಮಂದಿ ಯಾವ ಗರ್ಭಗುಡಿಯ ಹತ್ತಿರಕ್ಕೂ ಸೇರಿಸದ ಜಾತಿಗಳಿಂದ ಬಂದವರು. ಅವರ ಅಜ್ಜಂದಿರನ್ನು ಹೊರಗಿಟ್ಟ ಗುಡಿಯ ಚಿಹ್ನೆಗಳನ್ನೇ ಅವರಿಗೆ ಸ್ವಂತದ್ದು ಎಂದು ಕೊಡುವುದು ಹೇಗೆ?

ಈ ಟೀಕೆಗೆ ಎದುರುತ್ತರವಿಲ್ಲ ಎಂಬುದು ನನ್ನ ತಿಳಿವಳಿಕೆ. ಅಮಲೋರ್‌ಪವದಾಸರು ಬಡವರ ಪ್ರಶ್ನೆಗೆ ಕಿವುಡಾಗಿದ್ದವರಲ್ಲ. 1981ರಲ್ಲೇ ಅವರ ಕೇಂದ್ರ ಹೊಸ ಸಮಾಜಕ್ಕಾಗಿ ನಡೆಯುವ ಹೋರಾಟದಲ್ಲಿ ಭಾರತದ ಚರ್ಚು ಎಲ್ಲಿದೆ ಎಂಬ ವಿಷಯದ ಮೇಲೆ ದೊಡ್ಡ ಸಂಕಿರಣ ನಡೆಸಿತ್ತು. ಅನ್ಯಾಯ, ಶೋಷಣೆ, ಸಮಾಜದ ರಚನೆಗಳ ಬದಲಾವಣೆ ಎಲ್ಲ ಅಲ್ಲಿ ಚರ್ಚೆಗೆ ಬಂದಿತ್ತು. ಆದರೆ ಅವರ ಪೂಜೆಯ ಭಾಷೆ ಮತ್ತು ಅವರ ನ್ಯಾಯದ ಭಾಷೆ ಎರಡೂ ಪೂರ್ತಿಯಾಗಿ ಕೂಡಿಕೊಳ್ಳಲಿಲ್ಲ. ಒಂದು ಉಪನಿಷತ್ತಿನ ಕಡೆ ನಡೆಯಿತು, ಇನ್ನೊಂದು ಕೇರಿಯ ಕಡೆ ನಡೆಯಿತು. ಆ ಕೇರಿಯ ಕ್ರೈಸ್ತರ ಸ್ಥಿತಿ ನೋಡಿ: 1950ರ ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಾದ ದಲಿತರಿಗೆ, 1990ರಲ್ಲಿ ಬೌದ್ಧರಾದವರಿಗೆ ಬಾಗಿಲು ತೆರೆಯಿತು, ಕ್ರೈಸ್ತರಾದವರಿಗೆ ತೆರೆಯಲಿಲ್ಲ. ಚರ್ಚಿನೊಳಗೂ ಜಾತಿ ಹೋಗಲಿಲ್ಲ. ಹೀಗೆ ಎರಡು ಕಡೆ ಹೊರಗಾದವರ ಅನುಭವದಿಂದ ಶುರುಮಾಡಿದ್ದರೆ ಪೂಜೆಯ ರೂಪ ಬೇರೆಯೇ ಆಗುತ್ತಿತ್ತು.

ಹಾಗಾದರೆ ನಮ್ಮ ಕಡೆ ಅದು ಏನಾಗಬಹುದಿತ್ತು? ಈ ಪ್ರಶ್ನೆಗಾಗಿಯೇ ನಾನು ಈ ವಿಷಯವನ್ನು ಇಲ್ಲಿಗೆ ತಂದೆ.

1871ರಲ್ಲಿ ಮುಂಬಯಿ ಕಡೆಯ ರೈಲು ಶಹಾಬಾದ, ವಾಡಿ ದಾಟಿ ರಾಯಚೂರಿಗೆ ಹೋಯಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಸೇರಿತು. ಈ ಹಳಿಗಳ ಜೊತೆ, ಮುಂದೆ ಸಿಮೆಂಟ್ ಕಾರ್ಖಾನೆಗಳ ಜೊತೆ, ತಮಿಳು, ತೆಲುಗು, ಮಲಯಾಳಂ, ಕೊಂಕಣಿ ಮಾತಿನ ಕ್ರೈಸ್ತ ಕುಟುಂಬಗಳು ಬಂದವು. ಇನ್ನೊಂದು ಕಡೆ, ಹಳ್ಳಿಗಳಲ್ಲಿ ಮೆಥೊಡಿಸ್ಟ್ ಮಿಷನ್ನಿನ ಕೆಲಸದಿಂದ ಬಹುಪಾಲು ದಲಿತ ಕೇರಿಗಳಲ್ಲಿ ಕ್ರೈಸ್ತ ಸಭೆಗಳು ಬೆಳೆದವು. ಕ್ಯಾಥೊಲಿಕರ ಕಲಬುರಗಿ ಧರ್ಮಪ್ರಾಂತ್ಯ ಆದದ್ದು 2005ರಲ್ಲಿ, ತೀರ ಈಚೆಗೆ. ಆದ್ದರಿಂದ ಈ ಸೀಮೆಯ ಕ್ರೈಸ್ತ ಬದುಕಿನ ಚರಿತ್ರೆ ಬರೆಯುವವರು ಎರಡೂ ಸಭೆಗಳನ್ನು ಒಟ್ಟಿಗೆ ನೋಡಬೇಕು.

ಹಾಗೆ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ರೋಮಿನ ಹನ್ನೆರಡು ಅಂಶಗಳಿಗೆ ಎಷ್ಟೋ ಮೊದಲೇ ನಮ್ಮ ಹಳ್ಳಿಯ ಸಭೆಗಳಲ್ಲಿ ಜನ ಚಪ್ಪಲಿ ಹೊರಗೆ ಬಿಟ್ಟು, ಪರಸಿ ನೆಲದ ಮೇಲೆ ಜಮಖಾನಿ ಹಾಸಿ ಕೂರುತ್ತಿದ್ದರು. ಹೆಣ್ಣುಮಕ್ಕಳು ಸೆರಗು ಹೊದ್ದು ಒಂದು ಕಡೆ, ಗಂಡಸರು ಒಂದು ಕಡೆ. ಪೇಟಿ, ತಬಲಾ, ತಾಳ. ಹಾಡಿನ ಧಾಟಿ ಊರ ಭಜನೆಯದೇ. ಇದನ್ನು ಯಾವ ಸಮಿತಿಯೂ ರೂಪಿಸಲಿಲ್ಲ. ಅದೇ ರೈಲು ಹಾದಿಯಲ್ಲಿ, ತಾಂಡೂರಿನಾಚೆ, ಈಗ ತೆಲಂಗಾಣಕ್ಕೆ ಸೇರಿದ ಧಾರೂರಿನಲ್ಲಿ 1920ರ ದಶಕದಿಂದ ವರ್ಷಕ್ಕೊಮ್ಮೆ ಮೆಥೊಡಿಸ್ಟರ ಜಾತ್ರೆ ಸೇರುತ್ತದೆ. ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿ, ಬಯಲಲ್ಲಿ ಬಿಡಾರ ಹೂಡಿ, ಅಲ್ಲೇ ಅಡುಗೆ ಮಾಡಿ ಉಂಡು, ಪ್ರಾರ್ಥಿಸಿ, ಹರಕೆ ತೀರಿಸಿ ಬರುತ್ತಾರೆ. ಜಾತ್ರೆ ಎಂಬ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಪ್ಯಾರಿಸ್ಸಿನಲ್ಲಿ ಓದಿದ ದೈವಶಾಸ್ತ್ರಿ ಗ್ರಂಥದ ಮೂಲಕ ತಲುಪಲು ನೋಡಿದ ಜಾಗಕ್ಕೆ ಇವರು ಬದುಕಿನ ಮೂಲಕ ಮೊದಲೇ ತಲುಪಿದ್ದರು.

ಇನ್ನು ಹಾಡಿನ ಮಾತು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಈ ಜಿಲ್ಲೆಯ ಉಸಿರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ತೆಲಗಬಾಳ ರೇವಪ್ಪನವರಿದ್ದರು. ಮುಸಲ್ಮಾನರು, ಬ್ರಾಹ್ಮಣರು, ಇತರರು ಒಬ್ಬ ಗುರುವಿನ ಏಕತಾರಿಯ ಕೆಳಗೆ ಕೂತ ಪರಂಪರೆ ಅದು. ಬೈಬಲ್ಲಿನ ಹೊರಗಿನ ಯಾವ ಮಾತಿನಲ್ಲಿ ದೇವರು ಮಾತಾಡುತ್ತಾನೆ ಎಂಬ 1974ರ ಆ ಪ್ರಶ್ನೆಯನ್ನು ಕಾಗಿಣಾ ದಂಡೆಯಲ್ಲಿ ಕೇಳಿದ್ದರೆ ಜನ ಸಂಸ್ಕೃತದ ಗ್ರಂಥ ತೆಗೆಯುತ್ತಿರಲಿಲ್ಲ, ತತ್ವಪದ ಹಾಡುತ್ತಿದ್ದರು. ರಾತ್ರಿಯಿಡೀ ಕೂತು ಹಾಡುವ ಆ ಪದಗಳಿಗೆ ಜಾತಿಯ ಅಡ್ಡಿ ಇರಲಿಲ್ಲ, ಓದು ಬಾರದವರಿಗೂ ಅವು ಬಾಯಿಪಾಠ. ಅಮಲೋರ್‌ಪವದಾಸರ ವಿಧಾನವನ್ನು ಈ ನೆಲಕ್ಕೆ ಹಚ್ಚಿದರೆ ಅವರು ಆರಿಸಿದ ಚಿಹ್ನೆಗಳಿಗಿಂತ ಬೇರೆಯ ಚಿಹ್ನೆಗಳು ಸಿಗುತ್ತವೆ. ನಾನು ಅವರನ್ನು ಗೌರವಿಸುವುದು ಆ ವಿಧಾನಕ್ಕಾಗಿ.

ಒಂದು ಎಚ್ಚರಿಕೆಯೂ ಬೇಕು. ಜನಪದ ಎಂದಾಕ್ಷಣ ಹಲಗೆಯನ್ನು ತಂದು ಚರ್ಚಿನೊಳಗೆ ಬಾರಿಸಿಬಿಡೋಣ ಎನ್ನುವ ಉತ್ಸಾಹ ವಿದ್ಯಾವಂತರಿಗೆ ಬರುತ್ತದೆ. ದಲಿತರಿಗೆ ಹಲಗೆ ಬಿಟ್ಟಿ ಚಾಕರಿಯ ಗುರುತಾಗಿತ್ತು. ಕ್ರೈಸ್ತರಾದಾಗ ಅದನ್ನು ಗೂಟಕ್ಕೆ ತೂಗುಹಾಕಿ, ಇನ್ನು ಮುಟ್ಟೆವು ಎಂದ ಮನೆಗಳಿವೆ. ಅವರಿಗೆ ಅದನ್ನು ಬಿಟ್ಟದ್ದೇ ಬಿಡುಗಡೆ. ತಮಿಳುನಾಡಿನಲ್ಲಿ ದೈವಶಾಸ್ತ್ರಿ ಥಿಯೋಫಿಲಸ್ ಅಪ್ಪಾವು ಪರೆವಾದ್ಯವನ್ನೂ ಜನಪದ ಧಾಟಿಯನ್ನೂ ಆರಾಧನೆಗೆ ತಂದು ಅವಮಾನದ ಗುರುತನ್ನು ಸ್ವಾಭಿಮಾನದ ಗುರುತಾಗಿ ತಿರುಗಿಸಿದರು. ಅದು ಒಂದು ದಾರಿ. ಹಲಗೆ ಬೇಡ, ಪೇಟಿಯೇ ಇರಲಿ ಎನ್ನುವುದು ಇನ್ನೊಂದು. ಯಾವುದು ಎಂದು ಹೇಳುವ ಹಕ್ಕು ಆ ಕೇರಿಯ ಜನರದು. ಅನುಭವವನ್ನು ಕೇಳಿಸಿಕೊಳ್ಳುವುದು ಎಂದರೆ ಅವರು ಬೇಡ ಎಂದದ್ದನ್ನೂ ಕೇಳಿಸಿಕೊಳ್ಳುವುದು.

ಅವರ ಕೊನೆಯ ಹತ್ತು ವರ್ಷಗಳ ಮಾತು ಉಳಿಯಿತು. 1979ರಲ್ಲಿ ಅವರು ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡಕ್ಕೆ ಅಂಜಲಿ ಆಶ್ರಮ ಕಟ್ಟಿದರು. ಅಲ್ಲಿ ಸ್ವಾಮಿ ಅಮಲೋರಾನಂದ ಎನಿಸಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮೊದಲ ಪ್ರಾಧ್ಯಾಪಕರೂ ಮುಖ್ಯಸ್ಥರೂ ಅವರೇ. ಈ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಆಶ್ರಮದಲ್ಲಿ ಧ್ಯಾನ, ಮೌನ, ಸತ್ಸಂಗ. ಯಾವ ಧರ್ಮದವರು ಬಂದರೂ ಸ್ವಾಗತ. ವಿಶ್ವವಿದ್ಯಾನಿಲಯದಲ್ಲಿ ಸರ್ಕಾರಿ ವ್ಯವಸ್ಥೆಯೊಳಗೆ, ಬೇರೆ ಧರ್ಮಗಳ ವಿದ್ಯಾರ್ಥಿಗಳ ಜೊತೆ, ಕ್ರೈಸ್ತಧರ್ಮವನ್ನು ಪ್ರಶ್ನೆಗೆ ಒಡ್ಡಿ ಓದಿಸುವ ಕೆಲಸ. ಯಾಜಕರನ್ನು ತಯಾರಿಸುವ ಗುರುಮಠದ ಗೋಡೆಯೊಳಗೆ ಮಾತ್ರ ಇದ್ದ ದೈವಶಾಸ್ತ್ರ ಸಾರ್ವಜನಿಕ ವಿದ್ಯೆಯಾಗಬೇಕು ಎಂಬುದು ಅವರ ಹಂಬಲ. ನನಗಂತೂ ಅವರ ಬಾಳಿನಲ್ಲಿ ಬೆಂಗಳೂರಿನ ಕೇಂದ್ರಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ. ಧರ್ಮದ ವಿದ್ಯೆಗೆ ಸಾರ್ವಜನಿಕ ಆಸರೆ ಬೇಕು ಎಂಬುದನ್ನು ನಮ್ಮ ಚಿತ್ತಾಪುರದ ನಾಗಾವಿ 1058ರ ಶಾಸನದಲ್ಲೇ ಕಂಡಿದೆ: ವೇದ ಓದುವವರಿಗೆ, ಶಾಸ್ತ್ರ ಓದುವವರಿಗೆ, ಕಲಿಸುವವರಿಗೆ, ಪುಸ್ತಕ ಭಂಡಾರ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳಿಗೆ ದತ್ತಿ ಬಿಟ್ಟ ಶಾಸನ ಅದು. ನಾಗಾವಿಯ ಆ ಘಟಿಕಾಸ್ಥಾನದ, ಎಂದರೆ ವಿದ್ಯಾಕೇಂದ್ರದ, ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

1990ರ ಮೇ 25ರಂದು ರಸ್ತೆ ಅಪಘಾತದಲ್ಲಿ ಅಮಲೋರ್‌ಪವದಾಸ್ ತೀರಿಕೊಂಡರು. ಐವತ್ತೆಂಟು ತುಂಬಲು ಇನ್ನೂ ಕೆಲವು ದಿನಗಳಿದ್ದವು. ದಲಿತ ದೈವಶಾಸ್ತ್ರದ ಪ್ರಶ್ನೆಗಳು ಗಟ್ಟಿಯಾಗಿ ಕೇಳತೊಡಗಿದ್ದ ಹೊತ್ತು ಅದು. ಇನ್ನಷ್ಟು ವರ್ಷ ಇದ್ದಿದ್ದರೆ ಅವರು ಆ ಮಾತಿಗೆ ಕಿವಿಗೊಟ್ಟು ತಮ್ಮ ದಾರಿಯನ್ನು ತಿದ್ದಿಕೊಳ್ಳುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ತಿದ್ದಿಕೊಳ್ಳುವುದಕ್ಕೆ ಬೇಕಾದ ವಿಧಾನ ಅವರ ಕೈಯಲ್ಲೇ ಇತ್ತು.

ಕೊನೆಯದಾಗಿ ಈ ಸಭೆಗೆ ನನ್ನದೊಂದು ಕೋರಿಕೆ. ಚಿಂಚೋಳಿ, ಚಿತ್ತಾಪುರ, ಸೇಡಂ ತಾಲೂಕುಗಳ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಅಜ್ಜ ಅಜ್ಜಿಯರು ಹಾಡುವ ಭಜನೆಗಳಿವೆ. ಅವುಗಳಲ್ಲಿ ಎಷ್ಟೋ ಅಚ್ಚಾದ ಗೀತೆ ಪುಸ್ತಕಗಳಲ್ಲಿ ಸಿಗುವುದಿಲ್ಲ. ಕೆಲವು ಕನ್ನಡ, ಕೆಲವು ತೆಲುಗು, ಕೆಲವು ಎರಡೂ ಬೆರೆತವು. ವಾಡಿ, ಶಹಾಬಾದಗಳ ರೈಲ್ವೆ ಕುಟುಂಬಗಳ ಹಾಡುಗಳು ಬೇರೆ. ಕಟ್ಟಿದವರು ಯಾರು, ಯಾವ ತತ್ವಪದದ ಧಾಟಿಯ ಮೇಲೆ ಕಟ್ಟಿದ್ದು ಎಂದು ಹೇಳಬಲ್ಲವರು ಈಗ ಎಂಬತ್ತರ ಮೇಲಿನವರು. ಇಲ್ಲಿರುವ ಕಾಲೇಜಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅವನ್ನು ಧ್ವನಿಮುದ್ರಿಸಿಕೊಳ್ಳಲಿ, ಹಾಡಿದವರ ಒಪ್ಪಿಗೆ ಪಡೆದು ಹೆಸರು, ಊರು ಬರೆದಿಡಲಿ. ಮಡಿವಾಳಪ್ಪನವರ ಪದಗಳನ್ನು ಸಂಪಾದಿಸುವವರ ಜೊತೆ ಕೂತು ಹೋಲಿಸಿ ನೋಡಲಿ. ಮುಂದಿನ ವರ್ಷದ ಈ ದತ್ತಿ ಉಪನ್ಯಾಸವನ್ನು ಆ ಸಂಗ್ರಹದ ಮೇಲೆಯೇ, ಅದನ್ನು ಮಾಡಿದ ವಿದ್ಯಾರ್ಥಿಗಳಿಂದಲೇ ಕೊಡಿಸಬೇಕೆಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ.